ಮಕ್ಕಳಲ್ಲಿ ಸೃಜನಶೀಲತೆ: ಮನೆಯಲ್ಲೇ ಇರುವ ಬಂಡವಾಳ

(ಸಂತೆಬಾಚಹಳ್ಳಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)





ಪ್ರತಿ ವರ್ಷ ಈ ಸಭೆಯಲ್ಲಿ ನಾವು ಅಂಕ, ಶುಲ್ಕ, ಮುಂದಿನ ಕೋರ್ಸು ಇವುಗಳ ಬಗ್ಗೆ ಮಾತಾಡುತ್ತೇವೆ. ಬೇಕಾದ ಮಾತುಗಳೇ ಅವು. ಈ ಸಲ ಸೃಜನಶೀಲತೆಯ ಬಗ್ಗೆ ಮಾತಾಡೋಣ ಎಂದು ತೀರ್ಮಾನಿಸಿದ್ದಕ್ಕೆ ಕಾರಣವಿದೆ. ಎರಡು ಕಡೆಯಿಂದ ಎರಡು ಪ್ರಶ್ನೆಗಳು ನಮ್ಮ ಮುಂದೆ ಬರುತ್ತಿವೆ. ಪೋಷಕರು ಕೇಳುತ್ತಾರೆ: "ಪೇಟೆಯ ದೊಡ್ಡ ಶಾಲೆಗಳಲ್ಲಿ ಕ್ರಿಯೇಟಿವಿಟಿ ಅಂತ ಏನೇನೋ ಕಲಿಸ್ತಾರಂತೆ, ನಮ್ಮ ಮಕ್ಕಳಿಗೆ ಅದನ್ನೆಲ್ಲ ಎಲ್ಲಿಂದ ತರೋಣ?" ದಾನಿಗಳು ಕೇಳುತ್ತಾರೆ: "ಬಡ ಮಗುವಿಗೆ ಮೊದಲು ಹೊಟ್ಟೆ ತುಂಬಿಸುವ ಓದು ಬೇಕು, ಸೃಜನಶೀಲತೆಯನ್ನು ಆಮೇಲೆ ನೋಡಿಕೊಂಡರಾಯಿತಲ್ಲ?" ಎರಡೂ ಪ್ರಾಮಾಣಿಕ ಪ್ರಶ್ನೆಗಳು. ಆದರೆ ಎರಡರ ಹಿಂದೆಯೂ ಒಂದೇ ನಂಬಿಕೆಯಿದೆ. ಸೃಜನಶೀಲತೆ ಎಂಬುದು ಹಣ ಕೊಟ್ಟು ಕೊಳ್ಳುವ ವಸ್ತು, ಉಳ್ಳವರ ಮನೆಯ ಒಡವೆ ಎಂಬ ನಂಬಿಕೆ. ಅದು ಸರಿಯಲ್ಲ ಎಂದು ನಾವು ಇವತ್ತು ಹೇಳಬೇಕಾಗಿದೆ.

ಪದದಿಂದಲೇ ಶುರು ಮಾಡೋಣ. ಏನೂ ಇಲ್ಲದಲ್ಲಿಂದ ಸೃಷ್ಟಿಸುವವನು ಅಲ್ಲಾಹನೊಬ್ಬನೇ. ಮನುಷ್ಯ ಮಾಡುವುದು ಬೇರೆ ಕೆಲಸ. ಅವನಿಗೆ ಕೊಟ್ಟಿರುವ ಮಣ್ಣು, ಮರ, ನೀರು, ಬೆಳಕು, ಮಾತು, ಬುದ್ಧಿ ಇವನ್ನು ಹೊಸದಾಗಿ ಜೋಡಿಸುತ್ತಾನೆ. ಇರುವುದನ್ನು ಗಮನಿಸುವುದು, "ಹೀಗೆ ಮಾಡಿದರೆ ಏನಾಗುತ್ತದೆ?" ಎಂದು ಯೋಚಿಸುವುದು, ಮಾಡಿ ನೋಡುವುದು, ಕೆಟ್ಟರೆ ಬದಲಿಸಿ ಮತ್ತೆ ಮಾಡುವುದು. ನಾವು ಸೃಜನಶೀಲತೆ ಎನ್ನುವುದು ಇಷ್ಟನ್ನೇ. ಚಿತ್ರ ಬರೆಯುವವರಿಗೂ ಹಾಡುವವರಿಗೂ ಇದು ಬೇಕು. ಪಂಪ್‌ಸೆಟ್ ರಿಪೇರಿ ಮಾಡುವವರಿಗೂ, ಬಟ್ಟೆ ಹೊಲಿಯುವವರಿಗೂ, ಲೆಕ್ಕ ಬಿಡಿಸುವವರಿಗೂ ಅಷ್ಟೇ ಬೇಕು. ಉಳಿದ ಬಟ್ಟೆ ಚೂರುಗಳನ್ನು ಸೇರಿಸಿ ಕೌದಿ ಹೊಲಿದ ನಮ್ಮ ಅಜ್ಜಿಯರು ಈ ಪದವನ್ನು ಕೇಳಿರಲಿಲ್ಲ, ಕೆಲಸವನ್ನು ಮಾತ್ರ ಚೆನ್ನಾಗಿ ಬಲ್ಲವರಾಗಿದ್ದರು.

ನಾವೆಲ್ಲ ಬಸ್ಸಿನಲ್ಲೋ ರೈಲಿನಲ್ಲೋ ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣ ದಾಟುತ್ತೇವೆ. ಅಲ್ಲಿನ ಬೊಂಬೆಗಳನ್ನು ನೋಡಿರದ ಮಗು ಇಲ್ಲಿ ಇರಲಾರದು. ಆ ಕೆಲಸದ ಮೂಲ ಟಿಪ್ಪು ಸುಲ್ತಾನರ ಕಾಲದಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳಲ್ಲಿದೆ ಎಂದು ಪರಂಪರೆ ಹೇಳುತ್ತದೆ. ಮುಂದೆ ಜಪಾನಿನ ಮರಗೆಲಸದ ಕ್ರಮವನ್ನು ತಂದು ಅದನ್ನು ಬೆಳೆಸಿದವರೆಂದು ಬಾವಾಸ್ ಮಿಯಾನ್ ಅವರ ಹೆಸರನ್ನು ಅಲ್ಲಿ ಇಂದಿಗೂ ಗೌರವದಿಂದ ನೆನೆಯುತ್ತಾರೆ. ಬೊಂಬೆಗೆ ಬಳಸುವುದು ಬೆಲೆಬಾಳುವ ತೇಗವನ್ನಲ್ಲ, ಮೃದುವಾದ ಹಾಲೆ ಮರವನ್ನು. ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಒಣಗಿದ ಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಬೆಂಕಿ ಬೇಡ, ಕುಂಚ ಬೇಡ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಮಾರುಕಟ್ಟೆಗೆ ನುಗ್ಗಿದಾಗ ಬಹಳ ಕುಟುಂಬಗಳು ಕಷ್ಟಕ್ಕೆ ಬಿದ್ದವು. ಆಗ ಹಲವರು ಅದೇ ಮರ, ಅದೇ ಅರಗಿನಿಂದ ಎಣಿಕೆ ಕಲಿಸುವ ಮಣಿಗಳನ್ನು, ಪುಟ್ಟ ಮಕ್ಕಳು ಒಂದರ ಮೇಲೊಂದು ಪೋಣಿಸುವ ಬಳೆಗಳನ್ನು, ಮನೆಬಳಕೆಯ ಸಾಮಾನುಗಳನ್ನು ಮಾಡತೊಡಗಿದರು. 2005-06ರಲ್ಲಿ ಚನ್ನಪಟ್ಟಣದ ಬೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಕೈಗೆ ಸಿಗುವ ಮರವನ್ನೇ ಬೇರೆ ಕಣ್ಣಿನಿಂದ ನೋಡಿದ್ದರಿಂದ ಎಷ್ಟೋ ಒಲೆಗಳು ಆರದೆ ಉಳಿದವು. ಹೊಟ್ಟೆಯ ಓದು ಮೊದಲು, ಸೃಜನಶೀಲತೆ ಆಮೇಲೆ ಎನ್ನುವ ದಾನಿಗಳಿಗೆ ನಮ್ಮ ಮೊದಲ ಉತ್ತರ ಇದು. ಇವೆರಡನ್ನೂ ಬೇರೆ ಮಾಡಲು ಬರುವುದಿಲ್ಲ.

ಇನ್ನು ಪೋಷಕರ ಪ್ರಶ್ನೆ: ಸಾಮಗ್ರಿ ಎಲ್ಲಿಂದ ತರುವುದು? ನಮ್ಮ ಹಳ್ಳಿಗಳ ಹೆಂಚಿನ ಮನೆಗಳನ್ನು ನೆನಪಿಗೆ ತಂದುಕೊಳ್ಳಿ. ಹೆಂಚಿನ ಸಂದಿಯಿಂದ ಬಿಸಿಲು ಒಳಗೆ ಬಿದ್ದು ನೆಲದ ಮೇಲೆ ದುಂಡನೆಯ ಕಾಸಿನಂತೆ ಕಾಣುತ್ತದೆ. ಸಂದಿಯೇನೂ ದುಂಡಗಿರುವುದಿಲ್ಲ, ಒಡೆದ ಹೆಂಚಿನ ಸೊಟ್ಟ ಬಿರುಕು. ಹಾಗಿದ್ದರೂ ಬೆಳಕು ಯಾಕೆ ದುಂಡಗೆ? ಯಾಕೆಂದರೆ ನೆಲದ ಮೇಲಿರುವುದು ಸಂದಿಯ ಆಕಾರವಲ್ಲ, ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಕಡೆ ದೊಡ್ಡ ಸೂರ್ಯಗ್ರಹಣವಾಯಿತು. ಅಂದು ಮರದ ನೆರಳಿನಲ್ಲಿ ನೆಲ ನೋಡಿದವರಿಗೆ ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಈದ್‌ನ ಚಂದ್ರನಂತೆ ಬಾಗಿ ಕಂಡವು. ಬಾಗಿಲು ಹಾಕಿಕೊಂಡು ಒಳಗೆ ಕುಳಿತವರಿಗೆ ಅದು ಕಾಣಲಿಲ್ಲ.

ಈ ಸಂಗತಿಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ಕೂತು ಯೋಚಿಸಿದವರು ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನ್ ಅಲ್-ಹೈಸಮ್. ಗ್ರಹಣದ ಸೂರ್ಯ ಸಣ್ಣ ರಂಧ್ರದ ಮೂಲಕ ಯಾಕೆ ಬಾಗಿ ಕಾಣುತ್ತಾನೆ ಎಂಬುದರ ಮೇಲೆಯೇ ಅವರು ಒಂದು ಪ್ರಬಂಧ ಬರೆದರು. ಕಣ್ಣಿನಿಂದ ಬೆಳಕು ಹೊರಟು ವಸ್ತುವನ್ನು ಮುಟ್ಟುತ್ತದೆ ಎಂದು ದೊಡ್ಡ ದೊಡ್ಡ ಪಂಡಿತರು ನಂಬಿದ್ದ ಕಾಲ ಅದು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಅವರು ತೋರಿಸಿಕೊಟ್ಟರು. ಅದಕ್ಕೆ ಅವರು ಮಾಡಿದ ಒಂದು ಪರೀಕ್ಷೆಯನ್ನು ಯಾವ ಮನೆಯಲ್ಲೂ ಮಾಡಬಹುದು. ಕತ್ತಲೆ ಕೋಣೆಯ ಒಂದು ಸಣ್ಣ ರಂಧ್ರದ ಹೊರಗೆ ಸಾಲಾಗಿ ದೀಪಗಳನ್ನಿಟ್ಟರು. ಒಳಗಿನ ಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಕಂಡವು. ಒಂದು ದೀಪವನ್ನು ಮರೆಮಾಡಿದರೆ ಒಂದೇ ಚುಕ್ಕೆ ಮಾಯವಾಗುತ್ತಿತ್ತು. ನಿಮ್ಮ ಮಗು ಚಪ್ಪಲಿ ಡಬ್ಬಕ್ಕೆ ಸೂಜಿಯಿಂದ ತೂತು ಮಾಡಿ, ಎದುರು ಬದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿ, ತಲೆಗೆ ಕಂಬಳಿ ಹೊದ್ದು ಬೀದಿಯತ್ತ ತಿರುಗಿಸಿ ನೋಡಲಿ. ಬೀದಿಯ ಮರವೂ ಮನೆಯೂ ತಲೆಕೆಳಗಾಗಿ ಕಾಣುತ್ತವೆ. ಅದರ ಖರ್ಚು ಒಂದು ಹಾಳೆ. ಅದು ಹುಟ್ಟಿಸುವ ಪ್ರಶ್ನೆಗಳಿಗೆ ಬೆಲೆ ಕಟ್ಟಲಾಗದು. ಸೂರ್ಯನನ್ನು ಮಾತ್ರ ನೇರವಾಗಿ ನೋಡಬಾರದು ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಇನ್ನೊಂದು ಬಂಡವಾಳ ನಮ್ಮ ಮನೆಗಳಲ್ಲಿದೆ. ಅದನ್ನು ನಾವು ಕೊರತೆ ಎಂದು ತಿಳಿದಿದ್ದೇವೆ. ನಮ್ಮ ಬಹುಪಾಲು ಮಕ್ಕಳು ಮನೆಯಲ್ಲಿ ದಖನಿ ಉರ್ದು ಆಡುತ್ತಾರೆ, ಬೀದಿಯಲ್ಲಿ ಮಂಡ್ಯದ ಕನ್ನಡ ಆಡುತ್ತಾರೆ, ಮದ್ರಸಾದಲ್ಲಿ ಅರಬ್ಬಿ ಅಕ್ಷರ ಓದುತ್ತಾರೆ, ಶಾಲೆಯಲ್ಲಿ ಪುಸ್ತಕದ ಕನ್ನಡ ಮತ್ತು ಇಂಗ್ಲಿಷ್ ಕಲಿಯುತ್ತಾರೆ. "ಅವನಿಗೆ ಯಾವುದೂ ನೆಟ್ಟಗೆ ಬರೋದಿಲ್ಲ" ಎಂದು ಮಗುವಿನ ಎದುರೇ ಹೇಳುತ್ತೇವೆ. ನಮ್ಮ ಪಕ್ಕದ ಹಾಸನದಲ್ಲಿ 1948ರಲ್ಲಿ ಹುಟ್ಟಿದ ಬಾನು ಮುಷ್ತಾಕ್ ಅವರನ್ನು ನೋಡಿ. ಎಂಟನೆಯ ವಯಸ್ಸಿನಲ್ಲಿ ಅವರನ್ನು ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಲಾಯಿತು. ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕು ಎಂಬುದು ಶಾಲೆಯ ಷರತ್ತು. ಕೆಲವೇ ದಿನಗಳಲ್ಲಿ ಆ ಹುಡುಗಿ ಬರೆಯತೊಡಗಿದಳು. ಮುಂದೆ ವಕೀಲರಾದರು, ಕಥೆಗಾರ್ತಿಯಾದರು. ಅವರ 12 ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಮನೆಮಾತು ಒಂದು, ಬರೆಯುವ ಮಾತು ಇನ್ನೊಂದು. ಆ ಎರಡರ ನಡುವಿನ ಓಡಾಟ ಅವರ ಕಥೆಗಳಿಗೆ ಕಸುವು ಕೊಟ್ಟಿತು. ನಿಮ್ಮ ಮಗು ಒಂದು ಮಾತಿನ ಪದವನ್ನು ಇನ್ನೊಂದರಲ್ಲಿ ಹುಡುಕಿ ತಡವರಿಸುವಾಗ ಅದರ ಬುದ್ಧಿ ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

"ಕಥೆ ಕವಿತೆ ಅಂತ ಹೋದರೆ ಸಂಸಾರ ನಡೆಯುತ್ತದೆಯೆ?" ಎಂಬ ಭಯವೂ ನಮಗೆ ಗೊತ್ತು. ಉತ್ತರಕ್ಕೆ ನಮ್ಮ ತಾಲ್ಲೂಕನ್ನು ಬಿಟ್ಟು ಹೋಗಬೇಕಿಲ್ಲ. ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದು 1915ರಲ್ಲಿ, ಇಲ್ಲೇ ನಮ್ಮ ಕಿಕ್ಕೇರಿಯಲ್ಲಿ. ಬದುಕಿಗೆ ಸರ್ಕಾರಿ ಗುಮಾಸ್ತಿಕೆ ಮಾಡಿದರು, 1942ರಲ್ಲಿ 'ಮೈಸೂರ ಮಲ್ಲಿಗೆ' ಕೊಟ್ಟರು. ದೇವನಹಳ್ಳಿಯ ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನ ಓದಿ, ಅದನ್ನೇ ಸರ್ಕಾರಿ ಕಾಲೇಜುಗಳಲ್ಲಿ ಕಲಿಸುತ್ತ ಸಂಸಾರ ಸಾಗಿಸಿದರು. ಅವರ 'ನಿತ್ಯೋತ್ಸವ'ವನ್ನು ಹಾಡದ ಶಾಲೆ ಕರ್ನಾಟಕದಲ್ಲಿಲ್ಲ. ಕಲ್ಲು ಓದುವ ಕಣ್ಣು ಕವಿತೆಗೆ ಅಡ್ಡಿಯಾಗಲಿಲ್ಲ. ಆದ್ದರಿಂದ ನಾವು ಯಾವ ಮಗುವಿಗೂ ವಿಜ್ಞಾನ ಬಿಡು, ಉದ್ಯೋಗ ಬಿಡು ಎಂದು ಹೇಳುತ್ತಿಲ್ಲ. ಉದ್ಯೋಗ ಹುಡುಕುವ ಭರದಲ್ಲಿ ಮಗುವಿನ ಕಣ್ಣನ್ನು ಮುಚ್ಚಬೇಡಿ ಎಂದಷ್ಟೇ ಹೇಳುತ್ತಿದ್ದೇವೆ.

ಶಾಲೆಯ ವಿಷಯವನ್ನೂ ಹೇಳಬೇಕು. ಸರ್ಕಾರಿ ಶಾಲೆಯ ಒಂದು, ಎರಡನೆಯ ತರಗತಿಯಲ್ಲಿ 'ನಲಿಕಲಿ' ನಡೆಯುವುದನ್ನು ನೀವು ನೋಡಿದ್ದೀರಿ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಾರ್ಡು ಹಿಡಿದು, ಕಲಿಕೆಯ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಹತ್ತುತ್ತಾರೆ. "ಪಾಠ ಮಾಡೋದು ಬಿಟ್ಟು ಆಟ ಆಡಿಸ್ತಾರೆ" ಎಂದು ದೂರುವವರಿದ್ದಾರೆ. ಈ ಕ್ರಮ ಯಾವ ವಿದೇಶದಿಂದಲೂ ಇಳಿದು ಬಂದದ್ದಲ್ಲ. 1995ರಲ್ಲಿ ನಮ್ಮ ನೆರೆಯ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ತಾವೇ ಕೂತು ಕಾರ್ಡುಗಳನ್ನು ಬರೆದು ಇದನ್ನು ಕಟ್ಟಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ಹರಡಿತು. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಯ ಮಕ್ಕಳನ್ನು ಒಬ್ಬರೇ ನೋಡಿಕೊಳ್ಳಬೇಕಾದ ಕಷ್ಟವನ್ನೇ ಆ ಶಿಕ್ಷಕರು ಒಂದು ವಿಧಾನವನ್ನಾಗಿ ಮಾಡಿದರು. ಸೃಜನಶೀಲತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಬೇಕಾಗಿಲ್ಲ.

ಹಾಗೆಂದು ಬಾಯಿಪಾಠವನ್ನು ನಾವು ಹಳಿಯುವುದಿಲ್ಲ. ಸೂರಾಗಳನ್ನು ಕಂಠಪಾಠ ಮಾಡುವ ಮಗುವಿಗೆ, ಮಗ್ಗಿ ಒಪ್ಪಿಸುವ ಮಗುವಿಗೆ ನೆನಪಿನ ಶಕ್ತಿ ಬೆಳೆಯುತ್ತದೆ. ಕಣಜದಲ್ಲಿ ಕಾಳಿದ್ದರೆ ತಾನೆ ಅಡುಗೆ? ಆದರೆ ಕಾಳು ಕಣಜದಲ್ಲೇ ಉಳಿಯಬಾರದು. ಮಗ್ಗಿ ಒಪ್ಪಿಸಿದ ಮೇಲೆ ಒಂದು ಪ್ರಶ್ನೆ ಕೇಳಿ: "ಸಂತೆಯಲ್ಲಿ ಕಾಲು ಕೆಜಿಗೆ ಇಷ್ಟು ಅಂದರೆ ಒಂದೂವರೆ ಕೆಜಿಗೆ ಎಷ್ಟು? ಹೇಗೆ ಲೆಕ್ಕ ಹಾಕಿದೆ?" ಆ 'ಹೇಗೆ' ಎಂಬ ಪದವೇ ಮುಖ್ಯ. ಒಂದೇ ಲೆಕ್ಕಕ್ಕೆ ಮಗಳು ಒಂದು ದಾರಿ ಹೇಳುತ್ತಾಳೆ, ಮಗ ಇನ್ನೊಂದು ಹೇಳುತ್ತಾನೆ. ಎರಡೂ ಉತ್ತರ ಸರಿಯಿದ್ದರೆ ಎರಡು ದಾರಿಯನ್ನೂ ಒಪ್ಪಿಕೊಳ್ಳಿ. ಊರಿನ ಹೆಸರಲ್ಲೇ ಸಂತೆ ಇಟ್ಟುಕೊಂಡಿರುವ ನಮಗೆ ಲೆಕ್ಕದ ಪಾಠಶಾಲೆಯನ್ನು ಬೇರೆ ಹುಡುಕಬೇಕೆ?

ಹಾಗಾದರೆ ಯಾವುದು ನಮ್ಮ ಮಕ್ಕಳಿಗೆ ಅಡ್ಡ ಬರುತ್ತದೆ? ಹಣದ ಕೊರತೆ ಒಂದು ಕಾರಣ ಹೌದು, ಟ್ರಸ್ಟ್ ಇರುವುದೇ ಅದಕ್ಕಾಗಿ. ಆದರೆ ಹಣದಿಂದ ತುಂಬಲಾರದ ಮೂರು ಕೊರತೆಗಳಿವೆ.

ಮೊದಲನೆಯದು ನಗೆ. ಮಗು ಏನೋ ಮಾಡಿ ತೋರಿಸುತ್ತದೆ, ನೆಂಟರೆಲ್ಲ ಸೇರಿ ನಗುತ್ತಾರೆ. ಮರುದಿನದಿಂದ ಆ ಮಗು ತೋರಿಸುವುದನ್ನು ನಿಲ್ಲಿಸುತ್ತದೆ, ಆಮೇಲೆ ಮಾಡುವುದನ್ನೂ ನಿಲ್ಲಿಸುತ್ತದೆ. ಹೊಗಳಬೇಕಾಗಿಲ್ಲ. "ಇದನ್ನು ಹೇಗೆ ಮಾಡಿದೆ?" ಎಂದು ಕೇಳಿದರೆ ಸಾಕು.

ಎರಡನೆಯದು ಅವಸರ. ಮಗು ಗಂಟು ಬಿಚ್ಚಲು ಒದ್ದಾಡುತ್ತಿದ್ದರೆ ನಾವೇ ಕಿತ್ತುಕೊಂಡು ಬಿಚ್ಚಿಕೊಡುತ್ತೇವೆ. ಪ್ರಾಜೆಕ್ಟ್ ಎಂದರೆ ಅಂಗಡಿಯಿಂದ ಪ್ರಿಂಟ್ ತಂದು ಅಂಟಿಸಿಕೊಡುತ್ತೇವೆ. ಅಳು ನಿಲ್ಲಿಸಲು ಮೊಬೈಲ್ ಕೊಡುತ್ತೇವೆ. ಮಗುವಿಗೆ ಬೇಸರವಾಗುವುದಕ್ಕೂ ಬಿಡುವುದಿಲ್ಲ. ಬೇಸರದಿಂದಲೇ ಎಷ್ಟೋ ಆಟಗಳು ಹುಟ್ಟಿದವು ಎಂಬುದು ಹಳೆಯ ಟೈರು ಉರುಳಿಸಿದ, ತೆಂಗಿನ ಗರಿಯಲ್ಲಿ ಗಿರಗಿಟ್ಲೆ ಮಾಡಿದ ನಮ್ಮ ಪೀಳಿಗೆಗೆ ಗೊತ್ತಿದೆ.

ಮೂರನೆಯದು ಬಿಡುವು, ಅದರಲ್ಲೂ ಹೆಣ್ಣುಮಕ್ಕಳ ಬಿಡುವು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇವೆ. ಶಾಲೆಯಿಂದ ಬಂದ ಹುಡುಗ ಚೀಲ ಎಸೆದು ಮೈದಾನಕ್ಕೆ ಓಡುತ್ತಾನೆ. ಅದೇ ಮನೆಯ ಹುಡುಗಿ ಚೀಲ ಇಟ್ಟು ನೀರು ಹಿಡಿಯುತ್ತಾಳೆ, ಪಾತ್ರೆ ತೊಳೆಯುತ್ತಾಳೆ, ತಮ್ಮನನ್ನು ಎತ್ತಿಕೊಳ್ಳುತ್ತಾಳೆ. ಅವಳ ದಿನದಲ್ಲಿ ಅವಳದು ಎನ್ನುವ ಹೊತ್ತು ಯಾವುದು? ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ತಮ್ಮ ಸಮುದಾಯದಲ್ಲಿ ಶಾಲಾ ಓದು ಮುಗಿಸಿದ ಮೊದಲ ಹೆಣ್ಣುಮಕ್ಕಳಲ್ಲೊಬ್ಬರು. ಮುಂದೆ ಓದುವ ಆಸೆ ಈಡೇರಲಿಲ್ಲ. ಒಂದು ಗ್ರಂಥಾಲಯದ ಸದಸ್ಯತ್ವ ಸಿಗುವುದಕ್ಕೆ ಅವರು 1963ರವರೆಗೆ ಕಾಯಬೇಕಾಯಿತು. 'ಚಂದ್ರಗಿರಿಯ ತೀರದಲ್ಲಿ' ಓದುಗರ ಕೈಗೆ ಬರುವ ಹೊತ್ತಿಗೆ ಅವರಿಗೆ ನಲವತ್ತು ದಾಟಿತ್ತು. ಅವರ ಛಲ ದೊಡ್ಡದು, ಅದಕ್ಕೇ ಕಾದರೂ ಬರೆದರು. ಕಾದು ಕಾದು ಸುಮ್ಮನಾದವರು ಎಷ್ಟು ಮಂದಿ ಎಂಬ ಲೆಕ್ಕ ಯಾರ ಹತ್ತಿರವೂ ಇಲ್ಲ. ಇಂದು ಈ ಸಭೆಯಲ್ಲಿ ಕುಳಿತಿರುವ ಹುಡುಗಿಯರು ಆ ಲೆಕ್ಕಕ್ಕೆ ಸೇರಬಾರದು.

ಆದ್ದರಿಂದ ಪೋಷಕರಲ್ಲಿ ನಮ್ಮದೊಂದೇ ಬೇಡಿಕೆ. ದಿನಕ್ಕೆ ಅರ್ಧ ಗಂಟೆ ಮಗುವಿಗೆ ಬಿಟ್ಟುಕೊಡಿ. ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ಆ ಅರ್ಧ ಗಂಟೆಯಲ್ಲಿ ಟ್ಯೂಷನ್ ಇಲ್ಲ, ಮನೆಗೆಲಸ ಇಲ್ಲ, ಮೊಬೈಲ್ ಇಲ್ಲ. ಒಂದು ಮೂಲೆಯಲ್ಲಿ ರಟ್ಟು, ದಾರ, ಹಳೆ ಬಟ್ಟೆ, ಬಾಟಲಿಯ ಮುಚ್ಚಳ, ಒಂದು ಕಡೆ ಖಾಲಿ ಇರುವ ಹಾಳೆ, ಪೆನ್ಸಿಲ್ ತುಂಡು ಇರಲಿ. ಅದು ಏನು ಮಾಡುತ್ತದೆಯೋ ಮಾಡಲಿ. ಏನೂ ಮಾಡದೆ ಕೂತರೂ ಗದರಬೇಡಿ. ರಾತ್ರಿ ಊಟದ ಹೊತ್ತಿಗೆ ಒಂದು ಮಾತು ಕೇಳಿ: "ಇವತ್ತು ಏನು ಹೊಸದು ನೋಡಿದೆ?" ಓದು ಬಾರದ ತಾಯಿಗೂ ಇದು ಸಾಧ್ಯ. ತಾಯಿಗೆ ಅಕ್ಷರ ಬರಲಿ ಬಾರದಿರಲಿ, ಆ ಪ್ರಶ್ನೆಯನ್ನು ಯಾವ ಮಾಸ್ತರೂ ಅವಳಷ್ಟು ಚೆನ್ನಾಗಿ ಕೇಳಲಾರರು.

ಇನ್ನು ದಾನಿಗಳಿಗೆ ಎರಡು ಮಾತು. ನೀವು ಕೊಟ್ಟ ಜಕಾತ್ ಮತ್ತು ಸದಕಾ ನಮ್ಮ ಕೈಯಲ್ಲಿರುವ ಅಮಾನತ್. ಅದರ ಪೈಸೆ ಪೈಸೆಯ ಲೆಕ್ಕ ಈ ವರದಿಯಲ್ಲಿದೆ. ಶುಲ್ಕಕ್ಕೆ, ಪುಸ್ತಕಕ್ಕೆ ಕೊಡುವ ಹಣ ಮೊದಲಿನಂತೆ ಅದಕ್ಕೇ ಹೋಗುತ್ತದೆ. ನಿಮ್ಮಲ್ಲಿ ನಾವು ಈಗ ಕೇಳುತ್ತಿರುವುದು ಸ್ವಲ್ಪ ತಾಳ್ಮೆ. ವರ್ಷದ ಕೊನೆಗೆ ನೀವು ನೆರವಾದ ಮಗುವಿನ ಅಂಕಪಟ್ಟಿಯನ್ನು ಕೇಳುತ್ತೀರಿ, ಖಂಡಿತ ಕೇಳಿ. ಜೊತೆಗೆ ಆ ಮಗು ಏನು ಮಾಡಿತು, ಏನು ಕೇಳಿತು ಎಂಬುದನ್ನೂ ಕೇಳಿ. ತೆಂಗಿನ ಸಸಿ ನೆಟ್ಟವನು ಮರುವರ್ಷವೇ ಎಳನೀರು ಕೇಳುವುದಿಲ್ಲ. ಕೈಲಾದವರು ನಿಮ್ಮ ಮನೆಯಲ್ಲಿ ಓದಿ ಮುಗಿದ ಮಕ್ಕಳ ಪುಸ್ತಕಗಳನ್ನು ಕೊಟ್ಟರೆ ಅವನ್ನು ಮಕ್ಕಳ ಕೈಗೆ ತಲುಪಿಸುವ ಹೊಣೆ ನಮ್ಮದು.

ಕೊನೆಯದಾಗಿ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರ ಗಮನಕ್ಕೆ. ಮುಂದಿನ ಸಾಲಿನ ಅರ್ಜಿಯಲ್ಲಿ ಒಂದು ಹೊಸ ಪುಟ ಇರುತ್ತದೆ. ಅದರ ಹೆಸರು 'ನಾನು ಮಾಡಿದ್ದು'. ಈ ವರ್ಷ ಮಗು ತಾನೇ ಮಾಡಿದ, ರಿಪೇರಿ ಮಾಡಿದ ಅಥವಾ ಕಂಡುಕೊಂಡ ಒಂದು ಸಂಗತಿಯನ್ನು ಅಲ್ಲಿ ಬರೆಯಬೇಕು, ಇಲ್ಲವೆ ಚಿತ್ರ ಬಿಡಿಸಬೇಕು. ಕನ್ನಡದಲ್ಲಿ, ಉರ್ದುವಿನಲ್ಲಿ, ಬೆರೆಸಿಯೂ ಬರೆಯಬಹುದು. ಅಕ್ಷರ ತಪ್ಪುಗಳನ್ನು ಎಣಿಸುವುದಿಲ್ಲ. ಕೆಟ್ಟುಹೋದ ಪ್ರಯತ್ನವನ್ನೂ ಬರೆಯಬಹುದು, ಆದರೆ ಯಾಕೆ ಕೆಟ್ಟಿತು ಎಂದು ಹೇಳಬೇಕು. ಆ ಪುಟಕ್ಕೆ ಅಂಕವಿಲ್ಲ, ಅದರಿಂದ ಯಾರ ಅರ್ಜಿಯೂ ತಿರಸ್ಕೃತವಾಗುವುದಿಲ್ಲ. ಸಂದರ್ಶನದ ದಿನ ನಾವು ಮಗುವಿನೊಂದಿಗೆ ಮೊದಲು ಮಾತಾಡುವುದು ಆ ಪುಟದ ಬಗ್ಗೆಯೇ. ತಂದೆ ತಾಯಂದಿರು, ಅಣ್ಣ ಅಕ್ಕಂದಿರು ದಯವಿಟ್ಟು ಅದನ್ನು ಬರೆದುಕೊಡಬೇಡಿ. ಸೊಟ್ಟಗಿದ್ದರೂ ಮಗುವಿನ ಕೈಬರಹವೇ ನಮಗೆ ಬೇಕು.

ಮಕ್ಕಳೆ, ನಿಮಗೂ ಒಂದು ಮಾತು. ನಾಳೆ ಬೆಳಿಗ್ಗೆ ಹೆಂಚಿನ ಸಂದಿಯ ಬೆಳಕನ್ನೋ ಮರದಡಿಯ ಬಿಸಿಲಿನ ಚುಕ್ಕೆಗಳನ್ನೋ ಸ್ವಲ್ಪ ಹೊತ್ತು ನೋಡಿ. ನಿಮಗೆ ಹುಟ್ಟಿದ ಪ್ರಶ್ನೆಯನ್ನು ಯಾರಾದರೂ ದೊಡ್ಡವರಿಗೆ ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಜ್ಞಾನವನ್ನೂ, ನೋಡುವ ಕಣ್ಣನ್ನೂ, ಮಾಡುವ ಕೈಯನ್ನೂ ಕರುಣಿಸಲಿ. ಕೊಟ್ಟವರ ದಾನವನ್ನು ಸ್ವೀಕರಿಸಲಿ. ಆಮೀನ್.